ಎರವಲಿನ ಲೆಕ್ಕ: ಸಾಬ್ ಕಾರಿನ ಕಡತ ಹಿಡಿದು

2011ರ ಡಿಸೆಂಬರ್ 19ರಂದು ಸ್ವೀಡನ್ನಿನ ವೆನರ್ಸ್‌ಬೊರಿ ಪಟ್ಟಣದ ಜಿಲ್ಲಾ ನ್ಯಾಯಾಲಯಕ್ಕೆ ಒಂದು ಅರ್ಜಿ ಬಂತು. ಸಾಬ್ ಆಟೊಮೊಬೈಲ್ ಕಂಪನಿ ತನ್ನನ್ನು ದಿವಾಳಿ ಎಂದು ಘೋಷಿಸುವಂತೆ ಕೋರಿತ್ತು. ನ್ಯಾಯಾಲಯ ಅದೇ ದಿನ ಒಪ್ಪಿತು. ಪಕ್ಕದ ಟ್ರೋಲ್‌ಹೆಟ್ಟನ್ ಊರಿನ ಕಾರ್ಖಾನೆಯನ್ನೇ ನಂಬಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಕ್ರಿಸ್‌ಮಸ್ಸಿನ ಮುಂಚಿನ ವಾರ ಕೆಲಸ ಹೋಯಿತು. ಕಾರು ತಯಾರಿಕೆ ಅದಕ್ಕೂ ಎಷ್ಟೋ ತಿಂಗಳ ಹಿಂದೆಯೇ ನಿಂತುಬಿಟ್ಟಿತ್ತು.

ಈ ಸಾವಿಗೆ ಯಾರು ಹೊಣೆ ಎಂದು ಕೇಳಿದರೆ ಮೂರು ಉತ್ತರ ಸಿದ್ಧವಾಗಿವೆ. ಇಪ್ಪತ್ತು ವರ್ಷ ಒಡೆತನ ನಡೆಸಿದ ಅಮೆರಿಕದ ಜನರಲ್ ಮೋಟಾರ್ಸ್ ಕತ್ತು ಹಿಸುಕಿತು ಎನ್ನುವುದು ಅಭಿಮಾನಿಗಳ ಮಾತು. ಕೊನೆಯಲ್ಲಿ ಕೊಂಡ ಡಚ್ ಉದ್ಯಮಿ ವಿಕ್ಟರ್ ಮುಲ್ಲರ್ ಹತ್ತಿರ ದುಡ್ಡೇ ಇರಲಿಲ್ಲ ಎನ್ನುವುದು ಹಣಕಾಸು ಪತ್ರಿಕೆಗಳ ಮಾತು. ಸರ್ಕಾರ ಕೈಕಟ್ಟಿ ಕೂತಿತು ಎನ್ನುವುದು ಊರಿನವರ ಮಾತು. ಮೂರರಲ್ಲೂ ಸತ್ಯಾಂಶವಿದೆ. ಆದರೆ ಮೂರೂ ಕೊನೆಯ ಕೆಲವು ವರ್ಷಗಳನ್ನಷ್ಟೇ ನೋಡುತ್ತವೆ. ಅರುವತ್ತು ವರ್ಷ ಬದುಕಿದ ಕಂಪನಿ ಯಾಕೆ ಸತ್ತಿತೆಂದು ತಿಳಿಯಬೇಕಾದರೆ ಅದು ಅಷ್ಟು ವರ್ಷ ಹೇಗೆ ಬದುಕಿತೆಂದು ಮೊದಲು ನೋಡಬೇಕು. ಹಾಗಾಗಿ ನಾನು ಮೊದಲ ಮಾದರಿಯಿಂದಲೇ ಹೊರಟೆ. ಪ್ರತಿ ಮಾದರಿಯ ವಿವರ ತೆಗೆದು ಒಂದೇ ಪ್ರಶ್ನೆ ಕೇಳುತ್ತ ಹೋದೆ: ಇದರ ಎಂಜಿನ್ ಯಾರದು, ತಳಪಾಯ ಯಾರದು, ಯಾವ ಕರಾರಿನ ಮೇಲೆ ಬಂದದ್ದು?

ಓದುಗರಿಗೆ ಇಲ್ಲೊಂದು ಸ್ಪಷ್ಟನೆ ಬೇಕು. ಯಲಹಂಕದ ಏರೋ ಇಂಡಿಯಾ ನೋಡಿದವರಿಗೆ ಸಾಬ್ ಎಂದರೆ ಗ್ರಿಪೆನ್ ಯುದ್ಧವಿಮಾನ. ಆ ಕಂಪನಿ ಇಂದಿಗೂ ಗಟ್ಟಿಯಾಗಿದೆ. ಕಾರಿನ ವ್ಯವಹಾರ ಅದೇ ಒಡಲಿನಲ್ಲಿ ಹುಟ್ಟಿ ಬೆಳೆದು, 1990ರಲ್ಲಿ ಬೇರೆ ಕಂಪನಿಯಾಯಿತು. ನಾನು ಹಿಂಬಾಲಿಸಿದ್ದು ಬೇರೆಯಾದ ಆ ಕವಲನ್ನು.

ಕಥೆಗಳು ಮತ್ತು ತಾರೀಖುಗಳು

ಸಾಬ್ ಬಗ್ಗೆ ಓದಲು ಕೂತರೆ ದಾಖಲೆಗಿಂತ ಮೊದಲು ಕಥೆಗಳು ಎದುರಾಗುತ್ತವೆ. 2000ದ ದಶಕದ ಅಮೆರಿಕನ್ ಜಾಹೀರಾತುಗಳು ಈ ಕಾರು ಜೆಟ್ ವಿಮಾನಗಳಿಂದಲೇ ಹುಟ್ಟಿದ್ದೆಂದು ಸಾರಿದವು. ತಾರೀಖು ಇಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸೇನೆಗೆ ವಿಮಾನ ಕಟ್ಟಲೆಂದು ಕಂಪನಿ ಶುರುವಾದದ್ದು 1937ರಲ್ಲಿ. ಯುದ್ಧ ಮುಗಿಯುತ್ತ ಬಂದಾಗ ವಿಮಾನದ ಆರ್ಡರುಗಳು ಇಳಿಯುವುದು ಖಚಿತವಾಗಿ, ಬೇರೆ ಏನು ಮಾಡಬಹುದೆಂಬ ಯೋಚನೆಯಲ್ಲಿ ಕಾರು ಬಂತು. ಮೊದಲ ಮಾದರಿ ಕಾರು ‘ಉರ್‌ಸಾಬ್’ ರಸ್ತೆಗಿಳಿದದ್ದು 1946ರ ಬೇಸಿಗೆಯಲ್ಲಿ. ಸಾಬ್‌ನ ಮೊದಲ ಜೆಟ್, ಜೆ 21ಆರ್, ಹಾರಿದ್ದು 1947ರ ಮಾರ್ಚ್ 10ರಂದು. ಕಾರು ಓಡುವಾಗ ಅದರ ತಾಯಿ ಕಂಪನಿ ಇನ್ನೂ ಪಂಖದ ವಿಮಾನಗಳನ್ನೇ ಹಾರಿಸುತ್ತಿತ್ತು.

ವಿಮಾನದ ನಂಟು ಸುಳ್ಳೆಂದಲ್ಲ. ಅದು ಇರುವುದು ಸಣ್ಣಸಣ್ಣ ಜಾಗಗಳಲ್ಲಿ. ಕಾರಿಗೆ 92 ಎಂಬ ಅಂಕಿ ಯಾಕೆ? ಕಚೇರಿಯ ಯೋಜನೆಗಳ ಪಟ್ಟಿಯಲ್ಲಿ 90 ಎಂದರೆ ಸ್ಕಾಂಡಿಯಾ ಪ್ರಯಾಣಿಕ ವಿಮಾನ, 91 ಎಂದರೆ ಸಫೀರ್ ತರಬೇತಿ ವಿಮಾನ. ಮುಂದಿನ ಅಂಕಿ ಕಾರಿಗೆ ಬಂತು, ಅಷ್ಟೇ. ಮೊದಲ ಕಾರುಗಳೆಲ್ಲ ಒಂದೇ ಕಡುಹಸಿರು; ಯುದ್ಧಕಾಲದ ವಿಮಾನಗಳಿಗೆ ತರಿಸಿದ ಬಣ್ಣ ಮಿಕ್ಕಿತ್ತು ಎಂದು ಸಾಬ್ ಇತಿಹಾಸ ಬರೆದವರು ಹೇಳುತ್ತ ಬಂದಿದ್ದಾರೆ.

ಇನ್ನೊಂದು ಪ್ರಸಿದ್ಧ ಕಥೆ ಕೀಲಿಯದು. ಸಾಬ್ 99ರಿಂದ ಮುಂದೆ ಕಾರು ಚಾಲೂ ಮಾಡುವ ಕೀಲಿ ಸ್ಟಿಯರಿಂಗ್ ಪಕ್ಕದಲ್ಲಿಲ್ಲ, ಎರಡು ಮುಂದಿನ ಸೀಟುಗಳ ನಡುವೆ ಇದೆ. ಯುದ್ಧವಿಮಾನದ ಗುಂಡಿಗಳು ಹಾಗಿರುತ್ತವೆ ಎಂದು ಮಾರಾಟಗಾರರು ಹೇಳುತ್ತಿದ್ದರು. ಎಂಜಿನಿಯರುಗಳು ಕೊಟ್ಟ ಕಾರಣ ಬೇರೆ. ಅಪಘಾತದಲ್ಲಿ ಸ್ಟಿಯರಿಂಗ್ ಬುಡದ ಕೀಲಿ ಚಾಲಕನ ಮಂಡಿಗೆ ನಾಟುತ್ತದೆ. ಕೀಲಿ ಕೆಳಗಿದ್ದರೆ ಆ ಭಯವಿಲ್ಲ. ಜೊತೆಗೆ ಅಲ್ಲಿಂದ ಗೇರನ್ನೇ ರಿವರ್ಸಿನಲ್ಲಿ ಬಿಗಿಯಬಹುದು. ಗೇರ್ ರಿವರ್ಸಿಗೆ ಹಾಕದೆ ಕೀಲಿ ಕೈಗೆ ಬರುವುದೇ ಇಲ್ಲ, ಕಳ್ಳನಿಗೆ ಕಾರು ಮುಂದಕ್ಕೆ ಹೊರಡುವುದಿಲ್ಲ. ಸಾಬ್‌ನ ವಿಚಿತ್ರಗಳೆಂದು ಜನ ಎಣಿಸುವ ಬಹಳಷ್ಟರ ಹಿಂದೆ ಇಂಥ ಲೆಕ್ಕಾಚಾರವೇ ಇದೆ. 1970ರಲ್ಲಿ ಹೆಡ್‌ಲೈಟಿಗೆ ವೈಪರ್ ಬಂತು, ಸ್ವೀಡನ್ನಿನ ಕೆಸರುಹಿಮಕ್ಕೆ ದೀಪ ಮುಚ್ಚಿಹೋಗುತ್ತಿತ್ತು. 1971ರಲ್ಲಿ ಸೀಟಿಗೆ ಬಿಸಿ ಬಂತು. ಬೇರೆಯವರು ನಕ್ಕರು, ಆಮೇಲೆ ಸೀಟಿನ ಬಿಸಿಯನ್ನು ಎಲ್ಲರೂ ಕಲಿತರು.

ಮೊದಲ ಎರವಲು

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಉರ್‌ಸಾಬ್ ಎಂಜಿನ್ ಯಾರದು? ಜರ್ಮನಿಯ ಡಿಕೆಡಬ್ಲ್ಯು ಕಾರಿನದು. ಯುದ್ಧಕ್ಕೆ ಮುಂಚೆ ಸ್ವೀಡನ್ನಿನಲ್ಲಿ ಡಿಕೆಡಬ್ಲ್ಯು ಕಾರುಗಳು ಚೆನ್ನಾಗಿ ಓಡಾಡುತ್ತಿದ್ದವು. ಅವುಗಳದು ಟೂ-ಸ್ಟ್ರೋಕ್ ಎಂಜಿನ್, ಮುಂದಿನ ಚಕ್ರಕ್ಕೆ ಬಲ. ಸಾಬ್ ತಂಡ ಗುಜರಿ ಅಂಗಳಗಳಿಂದ ಬಿಡಿಭಾಗ ಆಯ್ದು ತಂದು ಮೊದಲ ಕಾರು ಜೋಡಿಸಿತು.

ತಂಡದ ಮುಖ್ಯಸ್ಥ ಗುನ್ನಾರ್ ಯುಂಗ್‌ಸ್ಟ್ರೋಮ್, ಉಗಿ ಟರ್ಬೈನಿಗೆ ಹೆಸರಾದ ಮನೆತನದವರು. ಆಕಾರ ಬರೆದವರು ಸಿಕ್ಸ್‌ಟನ್ ಸಾಸೋನ್. ವಾಯುಪಡೆಯ ವಿಮಾನ ಬಿದ್ದು ಒಂದು ಶ್ವಾಸಕೋಶ ಕಳೆದುಕೊಂಡ ಈ ಕಲಾವಿದ ಹ್ಯಾಸಲ್‌ಬ್ಲಾಡ್ ಕ್ಯಾಮೆರಾದ ರೂಪವನ್ನೂ ಬರೆದವರು. ಸಾಸೋನ್ ಬರೆದ ಕಾರು ಅಂದಿನ ಕಾರುಗಳಂತೆ ಪೆಟ್ಟಿಗೆಯಾಗಿರಲಿಲ್ಲ. ಗಾಳಿ ಸೀಳುವ ರೆಕ್ಕೆಯ ಅಡ್ಡಕೊಯ್ತದಂತಿತ್ತು. ಗಾಳಿಯ ತಡೆ ಅಳೆಯುವ ಗುಣಾಂಕ ಸುಮಾರು 0.30. ಇಂದಿನ ಎಷ್ಟೋ ಕಾರುಗಳಿಗೆ ಇದಕ್ಕಿಂತ ಹೆಚ್ಚಿದೆ. ಈ ಮಾದರಿ ಕಾರನ್ನು ಐದು ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿಸಿ ಪರೀಕ್ಷಿಸಿದರು.

1947ರ ಜೂನ್ 10ರಂದು ಪತ್ರಕರ್ತರಿಗೆ ತೋರಿಸಿದ ಕಾರು ಮಾರಾಟಕ್ಕೆ ತಯಾರಾಗತೊಡಗಿದ್ದು 1949ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಎಂಜಿನ್ ಸಾಬ್‌ನದೇ ಆಗಿತ್ತು: ಎರಡು ಸಿಲಿಂಡರ್, 764 ಸಿಸಿ, 25 ಅಶ್ವಶಕ್ತಿ, ಅಡ್ಡಡ್ಡ ಕೂರಿಸಿದ್ದು. ಡಿಕ್ಕಿಗೆ ಬಾಗಿಲೇ ಇರಲಿಲ್ಲ. 1953ರವರೆಗೆ ಹಿಂದಿನ ಸೀಟಿನ ಮರೆಯಿಂದ ಸಾಮಾನು ತೂರಿಸಬೇಕಿತ್ತು. ಏಳು ವರ್ಷದಲ್ಲಿ ಇಪ್ಪತ್ತು ಸಾವಿರ ಕಾರು ಹೊರಬಂತು. ಡಿಕೆಡಬ್ಲ್ಯುನಿಂದ ಸಿಕ್ಕಿದ್ದು ಒಂದು ಉಪಾಯ. ಅದಕ್ಕೆ ಕರಾರೂ ಇಲ್ಲ, ಕಂತೂ ಇಲ್ಲ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಚಲಿಸುವ ಭಾಗ ಕಡಿಮೆ, ಕೊರೆಯುವ ಚಳಿಯಲ್ಲೂ ಬೇಗ ಹೊತ್ತಿಕೊಳ್ಳುತ್ತದೆ. ಆದರೆ ಅದರ ಎಣ್ಣೆ ಪೆಟ್ರೋಲಿನ ಜೊತೆಗೇ ಬರಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಎಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಸಾಬ್, ಸೈಕಲ್ಲಿನಲ್ಲಿ ಇರುವಂಥ ಫ್ರೀವೀಲ್ ಅಳವಡಿಸಿತು. ಇಂಥ ಕಾರನ್ನೇ ಹಿಡಿದು ಎರಿಕ್ ಕಾರ್ಲ್‌ಸನ್ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು 1960, 61, 62ರಲ್ಲಿ ಸಾಲಾಗಿ ಗೆದ್ದರು. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1962, 63ರಲ್ಲಿ ಗೆದ್ದರು. ಕಾರನ್ನು ಆಗಾಗ ಮಗುಚಿ ಹಾಕುತ್ತಿದ್ದರಿಂದ ಊರವರು ಅವರಿಗೆ ‘ಚಾವಣಿ ಮೇಲಿನ ಕಾರ್ಲ್‌ಸನ್’ ಎಂದು ಅಡ್ಡಹೆಸರಿಟ್ಟರು. ಅಟ್ಲಾಂಟಿಕ್ ಆಚೆ ಇದೇ ಕಾರನ್ನು ಮಾರಿ ಸೋತವರಲ್ಲಿ ಕಾದಂಬರಿಕಾರ ಕರ್ಟ್ ವಾನಗಟ್ ಕೂಡ ಇದ್ದರು. ಮ್ಯಾಸಚುಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಅವರ ಸಾಬ್ ಅಂಗಡಿಯಿತ್ತು. 2004ರಲ್ಲಿ ಬರೆದ ಒಂದು ಲೇಖನದಲ್ಲಿ ಅದರ ಹೊಗೆಯನ್ನೂ ತಮ್ಮ ವ್ಯಾಪಾರ ಮುಳುಗಿದ್ದನ್ನೂ ನೆನೆದು ತಮಾಷೆ ಮಾಡಿದ್ದಾರೆ.

ತಂದದ್ದನ್ನು ಬದಲಿಸಿದವರು

ಅರುವತ್ತರ ದಶಕದ ನಡುವಿಗೆ ಆ ಹೊಗೆ ಕಂಪನಿಗೇ ಮುಳುವಾಗತೊಡಗಿತು. ಮುಖ್ಯಾಧಿಕಾರಿ ಟ್ರಿಗ್ವೆ ಹೋಲ್ಮ್ ಟೂ-ಸ್ಟ್ರೋಕ್ ಬಿಡಲು ಒಪ್ಪಲಿಲ್ಲ. ಎಂಜಿನಿಯರ್ ರೋಲ್ಫ್ ಮೆಲ್ಡೆ ಅವರನ್ನು ದಾಟಿಕೊಂಡು ಮಾಲೀಕ ಕುಟುಂಬದ ಮಾರ್ಕ್ ವಾಲೆನ್‌ಬರ್ಗ್ ಹತ್ತಿರ ಹೋದರು. ಒಪ್ಪಿಗೆ ಸಿಕ್ಕಿತು. ಜರ್ಮನಿಯ ಫೋರ್ಡ್ ಟೌನಸ್ ಕಾರಿನ ವಿ4 ಎಂಜಿನ್ ಆಯ್ದುಕೊಂಡು, ‘ಕಾಯ್ಸಾ’ ಎಂಬ ಗುಪ್ತನಾಮದಲ್ಲಿ ಪರೀಕ್ಷಿಸಿ, 1967ರ ಮಾದರಿಯಾಗಿ ಸಾಬ್ 96ಕ್ಕೆ ಕೂರಿಸಿದರು. ಈ ಒಂದು ಖರೀದಿ ಹಳೆಯ ಕಾರಿಗೆ ಇನ್ನೊಂದು ಆಯುಷ್ಯ ಕೊಟ್ಟಿತು. 96ರ ಕೊನೆಯ ಕಾರು 1980ರ ಜನವರಿಯಲ್ಲಿ ಫಿನ್ಲೆಂಡಿನ ಕಾರ್ಖಾನೆಯಿಂದ ಹೊರಬಂತು. ಒಟ್ಟು ಐದೂವರೆ ಲಕ್ಷದ ಹತ್ತಿರ. ಇದೂ ಎರವಲೇ. ಆದರೆ ಫೋರ್ಡ್ ಎಂಜಿನ್ ಮಾರುವ ಅಂಗಡಿ, ಸಾಬ್ ಗಿರಾಕಿ. ಸಾಬ್ ಮುಂದಿನ ಕಾರು ಹೇಗಿರಬೇಕು, ಕಂಪನಿ ಯಾರಿಗೆ ಸೇರಬೇಕು ಎಂದು ಹೇಳುವ ಹಕ್ಕು ಫೋರ್ಡಿಗೆ ಇರಲಿಲ್ಲ.

ಮೂರನೆಯದು ಇನ್ನೂ ಸ್ವಾರಸ್ಯ. 1967ರ ನವೆಂಬರ್ 22ರಂದು ಸಾಬ್ 99 ಅನಾವರಣಗೊಂಡಿತು. ಅದರ ಆಕಾರ ಬರೆದ ಸಾಸೋನ್ ಅದೇ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಎಂಜಿನ್ ಬ್ರಿಟನ್ನಿನ ಟ್ರಯಂಫ್ ಕಂಪನಿಯಿಂದ ಬರುತ್ತಿತ್ತು. ಒಂದು ಬದಿಗೆ ವಾಲಿದ ನಾಲ್ಕು ಸಿಲಿಂಡರಿನ ಎಂಜಿನ್ ಅದು. 1969ರಲ್ಲಿ ಸಾಬ್, ಲಾರಿ ತಯಾರಿಸುವ ಸ್ಕಾನಿಯಾ ಜೊತೆ ಸೇರಿ ಸಾಬ್-ಸ್ಕಾನಿಯಾ ಆಯಿತು. 1972ರಲ್ಲಿ ಟ್ರಯಂಫ್ ವಿನ್ಯಾಸವನ್ನು ಬಿಚ್ಚಿ, ತಿದ್ದಿ, ಎರಡು ಲೀಟರಿಗೆ ಹಿಗ್ಗಿಸಿ ಸ್ಕಾನಿಯಾದ ಸೊಡರ್‌ಟೆಲ್ಯ ಕಾರ್ಖಾನೆಯಲ್ಲಿ ತಾವೇ ತಯಾರಿಸತೊಡಗಿದರು.

ಸಾಬ್‌ನ ಅತಿ ದೊಡ್ಡ ಸಾಧನೆ ಹುಟ್ಟಿದ್ದು ಈ ತಿದ್ದಿದ ಎಂಜಿನ್ನಿನ ಮೇಲೆಯೇ. ಹೊಗೆನಳಿಗೆಯ ಬಿಸಿಗಾಳಿಯಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಆಗಲೇ ಇತ್ತು. ಪೋರ್ಷೆ, ಬಿಎಂಡಬ್ಲ್ಯು ಅದನ್ನು ವೇಗದ ಹುಚ್ಚಿನ ಕಾರುಗಳಿಗೆ ಹಾಕಿದ್ದವು. ಸ್ಕಾನಿಯಾ ಲಾರಿಗಳ ಡೀಸೆಲ್ ಎಂಜಿನ್ನಿನಲ್ಲೂ ಅದಿತ್ತು. ಪೆರ್ ಗಿಲ್‌ಬ್ರಾಂಡ್ ನೇತೃತ್ವದ ತಂಡ ಚಿಕ್ಕ ಟರ್ಬೊ ಆರಿಸಿತು. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಅದು ಕೆಲಸಕ್ಕೆ ಬರಬೇಕು, ಒತ್ತಡ ಮಿತಿ ಮೀರಿದರೆ ಕವಾಟ ತೆರೆದು ಹೊರಬಿಡಬೇಕು. ಸಂತೆಗೆ, ಸ್ಕೂಲಿಗೆ, ಕಚೇರಿಗೆ ಓಡಿಸುವ ಕಾರಿಗೆ ಟರ್ಬೊ ಹೊಂದಿತು. 1977ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡ 99 ಟರ್ಬೊ ಎರಡೇ ಲೀಟರಿನಿಂದ 145 ಅಶ್ವಶಕ್ತಿ ಕೊಟ್ಟಿತು. ಚಿಕ್ಕ ಎಂಜಿನ್ನಿಗೆ ಟರ್ಬೊ ಸೇರಿಸಿ ದೊಡ್ಡದರ ಕೆಲಸ ಮಾಡಿಸುವುದು ಇಂದು ನಮ್ಮ ಬೀದಿಯ ಕಾರುಗಳಲ್ಲೂ ಮಾಮೂಲು. ದಿನಬಳಕೆಯ ಪೆಟ್ರೋಲ್ ಕಾರಿನಲ್ಲಿ ಆ ದಾರಿಯನ್ನು ಹದ ಮಾಡಿದವರಲ್ಲಿ ಇವರು ಮುಂದಿದ್ದರು. 1978ರಲ್ಲಿ ಬಂದ ಸಾಬ್ 900 ಅದೇ ಎಂಜಿನ್ ಹೊತ್ತು 9 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಮೆರಿಕದ ಪ್ರಾಧ್ಯಾಪಕರು, ವಾಸ್ತುಶಿಲ್ಪಿಗಳು ಅದನ್ನು ತಮ್ಮ ಕಾರೆಂದು ಒಪ್ಪಿಕೊಂಡರು.

ಅಂಕಿಗಳ ಪುಟ

ಇಲ್ಲಿಯವರೆಗೆ ಓದಿದರೆ ಸಾಬ್ ಗೆಲ್ಲುತ್ತಿದೆ ಅನ್ನಿಸುತ್ತದೆ. ಉತ್ಪಾದನೆಯ ಅಂಕಿ ನೋಡಿದಾಗ ಆ ಭಾವನೆ ನಿಲ್ಲಲಿಲ್ಲ. ಹೊಸ ಮಾದರಿಯ ವಿನ್ಯಾಸ, ಅಚ್ಚು, ಪರೀಕ್ಷೆಗೆ ತಗಲುವ ಖರ್ಚು ಒಂದು ಲಕ್ಷ ಕಾರು ಮಾಡುವವರಿಗೂ ಹತ್ತು ಲಕ್ಷ ಮಾಡುವವರಿಗೂ ಹೆಚ್ಚುಕಡಿಮೆ ಒಂದೇ. ಅದನ್ನು ಎಷ್ಟು ಕಾರಿಗೆ ಹಂಚುತ್ತೇವೆ ಎನ್ನುವುದರಲ್ಲಿದೆ ಬದುಕು. ಸಾಬ್ ತನ್ನ ಉಚ್ಛ್ರಾಯದ ವರ್ಷ 1987ರಲ್ಲಿ ಮಾಡಿದ್ದು ಸುಮಾರು 1.34 ಲಕ್ಷ. ಅದೇ ದೇಶದ ವೋಲ್ವೊ ಆಗ ವರ್ಷಕ್ಕೆ 4 ಲಕ್ಷದ ಆಸುಪಾಸಿನಲ್ಲಿತ್ತು. 1977ರಲ್ಲೇ ವೋಲ್ವೊ ಜೊತೆ ವಿಲೀನದ ಮಾತು ಪ್ರಕಟವಾಗಿ, ಕೆಲವೇ ತಿಂಗಳಲ್ಲಿ ಮುರಿದುಬಿದ್ದಿತ್ತು.

ದೊಡ್ಡ ಕಾರೊಂದು ಬೇಕಾದಾಗ ಒಬ್ಬರಿಂದಲೇ ಆಗದೆ ಇಟಲಿಯ ಫಿಯಟ್ ಗುಂಪಿನ ಜೊತೆ ಕೈಜೋಡಿಸಬೇಕಾಯಿತು. 1984ರ ಸಾಬ್ 9000, ಲ್ಯಾನ್ಸಿಯಾ ಥೀಮಾ, ಫಿಯಟ್ ಕ್ರೋಮಾ, ಆಲ್ಫಾ 164 ನಾಲ್ಕೂ ಒಂದೇ ತಳಪಾಯದವು. ಸಾಬ್ ಅಲ್ಲೂ ಸುಮ್ಮನಿರಲಿಲ್ಲ. ಪಕ್ಕದಿಂದ ಗುದ್ದಿದರೆ ತಡೆಯಲು ಬಾಗಿಲುಗಳನ್ನು ಬಲಪಡಿಸಿತು, ಎಂಜಿನ್ ತನ್ನದೇ ಹಾಕಿತು. ಎರವಲು ಇನ್ನೂ ಕೈಮೀರಿರಲಿಲ್ಲ. ಆದರೆ ಎಂಜಿನ್ನಿನಿಂದ ಶುರುವಾದದ್ದು ಈಗ ತಳಪಾಯಕ್ಕೆ ಇಳಿದಿತ್ತು.

1987ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು, ಡಾಲರ್ ಇಳಿಯಿತು. ಸಾಬ್‌ಗೆ ಅಮೆರಿಕವೇ ಮುಖ್ಯ ಪೇಟೆ. ಏರುವ ಲೆಕ್ಕದಲ್ಲಿ ಕಟ್ಟಿದ ಮಾಲ್ಮೊ ಕಾರ್ಖಾನೆ 1989ರಲ್ಲಿ ತೆರೆದು 1991ರಲ್ಲೇ ಮುಚ್ಚಿತು. ಮಾಲೀಕರು ಪಾಲುದಾರರನ್ನು ಹುಡುಕಿದರು. ಮಾತುಕತೆಗೆ ಬಂದ ಫೋರ್ಡ್ ಕೊನೆಗೆ ಜಾಗ್ವಾರ್ ಕೊಂಡಿತು. ಜಾಗ್ವಾರ್ ಕೈತಪ್ಪಿದ ಜನರಲ್ ಮೋಟಾರ್ಸ್ 1989ರ ಡಿಸೆಂಬರಿನಲ್ಲಿ 60 ಕೋಟಿ ಡಾಲರಿಗೆ ಸಾಬ್ ಕಾರಿನ ಅರ್ಧ ಪಾಲು ಹಿಡಿಯಿತು. ಉಳಿದರ್ಧ 2000ದಲ್ಲಿ ಕೇವಲ 12.5 ಕೋಟಿಗೆ ಸಿಕ್ಕಿತು. ಎರಡು ಖರೀದಿಗಳ ನಡುವಿನ ಅಂತರವೇ ಆ ಹತ್ತು ವರ್ಷದ ವರದಿ.

ಕರಾರಿನ ಒಂದು ಷರತ್ತು

ಸ್ವಂತ ಮನೆಯಲ್ಲಿ ಗೋಡೆ ಒಡೆದು ಕಟ್ಟಬಹುದು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. 1993ರ ಹೊಸ ಸಾಬ್ 900 ನಿಂತದ್ದು ಜನರಲ್ ಮೋಟಾರ್ಸ್ ಗುಂಪಿನ ಓಪೆಲ್ ವೆಕ್ಟ್ರಾ ತಳದ ಮೇಲೆ. 9-5, 9-3 ಕೂಡ ಹಾಗೆಯೇ. ಸಾಬ್ ಎಂಜಿನಿಯರುಗಳು ಕೈಲಾದಷ್ಟು ಬದಲಿಸುತ್ತಲೇ ಹೋದರು, ಪ್ರತಿ ಬದಲಾವಣೆಗೂ ಖರ್ಚು ಏರಿತು. ಆಮೇಲೆ ಬಂದ ಎರಡು ಮಾದರಿ ಮಾತ್ರ ಬದಲಿಸುವ ಆಸೆಯನ್ನೇ ಬಿಟ್ಟಂತಿದ್ದವು. 9-2ಎಕ್ಸ್ ಎಂದರೆ ಜಪಾನಿನಲ್ಲಿ ತಯಾರಾದ ಸುಬಾರು ಇಂಪ್ರೆಜಾ. 9-7ಎಕ್ಸ್ ಎಂದರೆ ಅಮೆರಿಕದ ಒಹಾಯೊದಲ್ಲಿ ತಯಾರಾದ ಷೆವರ್ಲೆ ಟ್ರೇಲ್‌ಬ್ಲೇಜರ್. ಅದು ಸಾಬ್ ಎಂದು ತೋರಿಸಲು ಕೀಲಿಯನ್ನು ಸೀಟುಗಳ ನಡುವೆ ತಂದಿಟ್ಟರು. ಮಂಡಿ ಉಳಿಸಲು ಹೊಳೆದ ಉಪಾಯ ಗುರುತಿನ ಬಿಲ್ಲೆಯಾಯಿತು. ಜೆಟ್ಟಿನ ಜಾಹೀರಾತು ಬಂದದ್ದೂ ಇದೇ ಕಾಲದಲ್ಲಿ. ಇತ್ತ 1997ರ 9-5ಕ್ಕೆ ಉತ್ತರಾಧಿಕಾರಿ ಬರಲು 2010 ಆಗಬೇಕಾಯಿತು. 2006ರಲ್ಲಿ ಮಾರಾಟ ಸುಮಾರು 1.33 ಲಕ್ಷ. ಹತ್ತೊಂಬತ್ತು ವರ್ಷದ ಹಿಂದೆ ನಿಂತಲ್ಲೇ ಕಂಪನಿ ನಿಂತಿತ್ತು.

2008ರ ಡಿಸೆಂಬರ್ 2ರಂದು ತಾನೇ ಮುಳುಗುತ್ತಿದ್ದ ಜನರಲ್ ಮೋಟಾರ್ಸ್ ಅಮೆರಿಕದ ಸಂಸತ್ತಿಗೆ ಸಲ್ಲಿಸಿದ ಯೋಜನೆಯಲ್ಲಿ ಸಾಬ್ ಮರುಪರಿಶೀಲನೆಗೆ ಒಳಪಟ್ಟ ಬ್ರಾಂಡ್ ಎಂದಿದೆ. 2009ರ ಫೆಬ್ರವರಿ 20ರಂದು ಸಾಬ್ ನ್ಯಾಯಾಲಯದ ರಕ್ಷಣೆ ಕೋರಿತು. ಕಾರ್ಖಾನೆಗಳ ಒಡೆತನ ಸರ್ಕಾರದ ಕೆಲಸವಲ್ಲ ಎಂದು ಉದ್ಯಮ ಸಚಿವೆ ಮೌದ್ ಊಲೊಫ್ಸನ್ ಸ್ಪಷ್ಟಪಡಿಸಿದರು. ಕೊಳ್ಳಲು ಮುಂದೆ ಬಂದ ಸ್ವೀಡನ್ನಿನ ಚಿಕ್ಕ ಕಾರು ಕಂಪನಿ ಕೊನಿಗ್‌ಸೆಗ್ ನವೆಂಬರಿನಲ್ಲಿ ಹಿಂದೆ ಸರಿಯಿತು. ಡಿಸೆಂಬರಿನಲ್ಲಿ ಹಳೆಯ 9-3 ಮತ್ತು 9-5ರ ತಂತ್ರಜ್ಞಾನ ಚೀನಾದ ಬಿಎಐಸಿ (BAIC) ಕಾರು ಕಂಪನಿಗೆ ಮಾರಾಟವಾಯಿತು.

2010ರ ಜನವರಿಯಲ್ಲಿ ಮುಲ್ಲರ್ ಅವರ ಸ್ಪೈಕರ್ ಕಂಪನಿ 7.4 ಕೋಟಿ ಡಾಲರ್ ನಗದು ಮತ್ತು 32.6 ಕೋಟಿ ಬೆಲೆಯ ಆದ್ಯತಾ ಷೇರುಗಳಿಗೆ ಸಾಬ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಯುರೋಪಿಯನ್ ಹೂಡಿಕೆ ಬ್ಯಾಂಕಿನ 40 ಕೋಟಿ ಯೂರೊ ಸಾಲಕ್ಕೆ ಸ್ವೀಡನ್ ಸರ್ಕಾರ ಜಾಮೀನು ನಿಂತಿತು. ಸರ್ಕಾರ ಪೂರ್ತಿ ಕೈಕಟ್ಟಿ ಕೂತಿರಲಿಲ್ಲ ಎನ್ನಲು ಈ ಜಾಮೀನೇ ಸಾಕ್ಷಿ. ಆ ವರ್ಷ ತಯಾರಾದದ್ದು ಸುಮಾರು 32 ಸಾವಿರ ಕಾರು. 2011ರ ವಸಂತದಲ್ಲಿ ಬಾಕಿ ಸಿಗದ ಬಿಡಿಭಾಗದವರು ಸರಬರಾಜು ನಿಲ್ಲಿಸಿದರು. ಜೂನ್‌ನಲ್ಲಿ ಸಂಬಳ ತಡವಾಯಿತು. ಚೀನಾದ ಪಾಂಗ್ ಡಾ, ಯಂಗ್‌ಮನ್ ಕಂಪನಿಗಳು ಕೊಳ್ಳಲು ಮುಂದೆ ಬಂದವು. ಜನರಲ್ ಮೋಟಾರ್ಸ್ ಒಪ್ಪಲಿಲ್ಲ: ಒಡೆತನ ಆ ಕೈಗೆ ಹೋದರೆ ತನ್ನ ತಂತ್ರಜ್ಞಾನದ ಪರವಾನಗಿ ಇಲ್ಲ, ಮೆಕ್ಸಿಕೋದಲ್ಲಿ ತಾನು ತಯಾರಿಸಿ ಕೊಡುವ 9-4ಎಕ್ಸ್ ಕೂಡ ಇಲ್ಲ. ಚೀನಾದಲ್ಲಿ ಅದಕ್ಕೆ ತನ್ನದೇ ವ್ಯಾಪಾರ, ತನ್ನದೇ ಪಾಲುದಾರರಿದ್ದರು. ಕೆಲವೇ ದಿನಗಳಲ್ಲಿ ವೆನರ್ಸ್‌ಬೊರಿಯ ಅರ್ಜಿ.

ಇದು ದ್ರೋಹವೇ? ಹೌದೆಂದು ಸ್ಪೈಕರ್ 2012ರ ಆಗಸ್ಟಿನಲ್ಲಿ 300 ಕೋಟಿ ಡಾಲರ್ ಪರಿಹಾರ ಕೇಳಿ ಮಿಷಿಗನ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. 2013ರ ಜೂನ್‌ನಲ್ಲಿ ಅದು ವಜಾ ಆಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ನಾನು ಹುಡುಕುತ್ತಿದ್ದ ಉತ್ತರಕ್ಕೆ ಅತಿ ಹತ್ತಿರ ಬಂದ ಕಾಗದ ಆ ತೀರ್ಪು. ಅದರ ಸಾರ ಇಷ್ಟು: ತಂತ್ರಜ್ಞಾನದ ಪರವಾನಗಿ ಒಪ್ಪಂದದಲ್ಲೇ ಒಡೆತನ ಬದಲಾದರೆ ಒಪ್ಪುವ, ಒಪ್ಪದಿರುವ ಹಕ್ಕು ಜನರಲ್ ಮೋಟಾರ್ಸ್‌ಗಿತ್ತು. ಇರುವ ಹಕ್ಕನ್ನು ಬಳಸುವುದು ತಪ್ಪಲ್ಲ.

ಆದ್ದರಿಂದ 2011ರಲ್ಲಿ ಕೊಲೆ ನಡೆಯಿತು ಎಂದು ನನಗೆ ಬರೆಯಲಾಗದು. ಸಾಬ್ ಹುಟ್ಟಿದಾಗಿನಿಂದ ಎರವಲು ತಂದೇ ಬದುಕಿತು. ಅಷ್ಟು ಚಿಕ್ಕ ಕಂಪನಿಗೆ ಬೇರೆ ದಾರಿ ಇರಲಿಲ್ಲ. ಡಿಕೆಡಬ್ಲ್ಯು, ಫೋರ್ಡ್, ಟ್ರಯಂಫ್ ಕಾಲದಲ್ಲಿ ತಂದ ವಸ್ತುವಿನ ಮೇಲೆ ಕೊನೆಯ ಮಾತು ಟ್ರೋಲ್‌ಹೆಟ್ಟನ್ನಿನದಾಗಿತ್ತು. ಟರ್ಬೊ ಸಾಧ್ಯವಾದದ್ದು ಆ ಸ್ವಾತಂತ್ರ್ಯದಿಂದ. 1990ರ ನಂತರ ಕೊನೆಯ ಮಾತು ಡೆಟ್ರಾಯಿಟ್ಟಿನ ಜನರಲ್ ಮೋಟಾರ್ಸ್‌ಗೆ ಹೋಯಿತು. ಸ್ಪೈಕರ್ ಕೊಂಡದ್ದು ಕಾರ್ಖಾನೆ, ಬ್ರಾಂಡ್, ಕೆಲಸಗಾರರು. ಕಾರಿನ ಒಳಗಿದ್ದದ್ದರ ಮೇಲೆ ಪೂರ್ತಿ ಹಿಡಿತ ಅದಕ್ಕೆ ಬರಲೇ ಇಲ್ಲ.

2012ರಲ್ಲಿ ದಿವಾಳಿ ಆಸ್ತಿ ಕೊಂಡ ನೆವ್ಸ್ ಕಂಪನಿಯ ಕಾಗದಗಳನ್ನು ನೋಡಿದಾಗ ಈ ಎರವಲು ಇನ್ನೂ ಆಳಕ್ಕೆ ಹೋಗಿತ್ತೆಂದು ಗೊತ್ತಾಯಿತು. ಸ್ಕಾನಿಯಾ ಜೊತೆ ಹಂಚಿಕೊಂಡಿದ್ದ ಗಿಡುಗಮುಖದ ಸಿಂಹದ ಲಾಂಛನ ನೆವ್ಸ್‌ಗೆ ಸಿಗಲೇ ಇಲ್ಲ. ಸಾಬ್ ಎಂಬ ಹೆಸರನ್ನು ವಿಮಾನದ ಕಂಪನಿ ಬಳಸಲು ಕೊಟ್ಟಿತ್ತು. 2013ರ ಡಿಸೆಂಬರಿನಲ್ಲಿ ಕೆಲವು 9-3 ಕಾರುಗಳು ಆ ಹೆಸರಲ್ಲಿ ಹೊರಬಂದವು. ಮರುವರ್ಷ ನೆವ್ಸ್ ಕೂಡ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದಾಗ ವಿಮಾನದ ಕಂಪನಿ ಹೆಸರನ್ನು ವಾಪಸ್ ಪಡೆಯಿತು. ಎಂಜಿನ್ನಿನಿಂದ ಶುರುವಾದ ಎರವಲು ಕೊನೆಗೆ ಹೆಸರಿಗೂ ಬಂದು ಮುಟ್ಟಿತ್ತು.

ಲೆಕ್ಕದಲ್ಲಿ ಒಂದು ವ್ಯವಹಾರ ಮಾತ್ರ ಬೇರೆ ಬಗೆಯದು. 2012ರ ಜನವರಿಯಲ್ಲಿ ಸಾಬ್ ವಸ್ತುಸಂಗ್ರಹಾಲಯದ ಕಾರುಗಳನ್ನೂ ದಿವಾಳಿ ಆಡಳಿತಗಾರರು ಹರಾಜಿಗಿಟ್ಟರು. ಉರ್‌ಸಾಬ್ ಸೇರಿ ಇಡೀ ಸಂಗ್ರಹವನ್ನು ಟ್ರೋಲ್‌ಹೆಟ್ಟನ್ ನಗರಸಭೆ, ವಾಲೆನ್‌ಬರ್ಗ್ ಪ್ರತಿಷ್ಠಾನ, ವಿಮಾನದ ಸಾಬ್ ಕಂಪನಿ ಸೇರಿ 2.8 ಕೋಟಿ ಕ್ರೋನರ್‌ಗೆ ಕೊಂಡವು. ಅದು ಪರವಾನಗಿಯಲ್ಲ, ಪಾಲುದಾರಿಕೆಯಲ್ಲ, ಆದ್ಯತಾ ಷೇರೂ ಅಲ್ಲ. ಶುದ್ಧ ಕ್ರಯ.